ಎರಡು ಬಾಗಿಲ ಡೇರೆ

ಅಮೆರಿಕದ ಲೈಲ್ ಊರಿನಲ್ಲಿ ಆ ಸಂಜೆ ಸುಂಟರಗಾಳಿಯ ಸೈರನ್ ಕೂಗಿದೊಡನೆ ಷಹನಾಜ್ ಮಗಳು ಹಾದಿಯಾಳನ್ನು ಎಳೆದುಕೊಂಡು ಪಕ್ಕದ ಮನೆಯ ವತ್ಸಲಾಳ ಬೇಸ್‌ಮೆಂಟಿಗೆ ಓಡಿಬಂದಳು. ಕರೆಂಟ್ ಹೋಗಿತ್ತು. ಮೇಲಿನ ಪುಟ್ಟ ಕಿಟಕಿಗೆ ಮಳೆ ರಪರಪ ಬಡಿಯುತ್ತಿತ್ತು. ವತ್ಸಲಾಳ ತಂದೆ ರಾಚಯ್ಯ, ಮೈಸೂರಿನಿಂದ ಬಂದಿದ್ದ ನಿವೃತ್ತ ಸುಬೇದಾರರು, ವಾಷಿಂಗ್ ಮೆಷಿನ್ ಪಕ್ಕ ಕುರ್ಚಿ ಹಾಕಿಕೊಂಡು ಬ್ಯಾಟರಿ ರೇಡಿಯೊ ಕೇಳುತ್ತಿದ್ದರು. ಹವಾಮಾನದ ಎಚ್ಚರಿಕೆ ಮುಗಿದು ಎರಡು ಕೊರಿಯಾಗಳ ನಡುವಿನ 'ಡಿಮಿಲಿಟರೈಸ್ಡ್' ಗಡಿಯ ಸುದ್ದಿ ಬಂತು.

"ಡಿಮಿಲಿಟರೈಸ್ಡ್ ಮೀನ್ಸ್ ನೋ ಆರ್ಮಿ, ರೈಟ್?" ಎಂದಳು ಹಾದಿಯಾ.

ರಾಚಯ್ಯ ಕೆಟ್ಟ ವಾಸನೆ ಬಡಿದವರಂತೆ ಮುಖ ಕಿವುಚಿದರು.

"ಆರ್ಮಿ ಇಲ್ವಾ? ಆ ಕಡೆ ಈ ಕಡೆ ಮುಳ್ಳುತಂತಿ, ಬಂದೂಕು, ನೆಲದ ತುಂಬ ಮೈನು... ಮಧ್ಯದ ಎರಡೂವರೆ ಮೈಲಿಗೆ ಮಾತ್ರ ಅಂಥ ಒಳ್ಳೇ ಹೆಸರು. ಐವತ್ಮೂರರಲ್ಲಿ ನಾನಲ್ಲೇ ಕಾವಲಿದ್ದೆ ಕಣಮ್ಮ. ಯುದ್ಧ ನಿಂತಿತ್ತು. ಉತ್ತರದ ತಮ್ಮೂರಿಗೆ ವಾಪಸ್ ಹೋಗಲ್ಲ ಅಂತ ಕೂತ ಸೆರೆಯಾಳುಗಳನ್ನ ಯಾರು ನೋಡ್ಕೋಬೇಕು? ಎರಡೂ ಕಡೆಗೂ ಸೇರದ ನಾವು, ಇಂಡಿಯಾದವರು. ಒಂದೊಂದು ಡೇರೆಗೆ ಎರಡೆರಡು ಬಾಗಿಲು. ಸೆರೆಯಾಳನ್ನ ಕುರ್ಚಿ ಮೇಲೆ ಕೂರಿಸಿ ಉತ್ತರದ ಆಫೀಸರು 'ಮನೆಗೆ ಬಾ' ಅಂತ ಗೋಗರೆಯೋನು, ದಕ್ಷಿಣದವನು ಪಕ್ಕದಲ್ಲೇ ಕೂತು ಅಡ್ಡಬಾಯಿ ಹಾಕೋನು. ದಿನಾ ಕೇಳಿ ಕೇಳಿ ಆ ಮಾತು ನಂಗೂ ಅರ್ಥ ಆಗ್ತಿತ್ತು. ಒಂದು ಬಾಗಿಲು ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ. ಆಯ್ಕೆ ಅವನದೇ ಅಂತೆ... ಥೂ!

"ಅವರಲ್ಲೊಬ್ಬ ಬಡಗಿ ಇದ್ದ. ಉತ್ತರಕ್ಕೆ ಹೋಗಿ ಅಮ್ಮನ್ನ ನೋಡ್ಬೇಕು ಅಂತ ಜೊತೆ ಸೆರೆಯಾಳುಗಳ ಹತ್ರ ಬಾಯಿಬಿಟ್ಟಿದ್ನಂತೆ. ಮಾರನೇ ದಿನ ಆಳೇ ಇಲ್ಲ. ಕೇಳಿದ್ರೆ, ಓಡಿಹೋದ ಅಂದ್ರು. ಆಮೇಲೆ ವಾಸನೆ ಶುರುವಾಯ್ತು ನೋಡಿ... ಅಗೆದ್ವಿ. ಆ ಜೊತೆಯವರೇ ತಾವು ಮಲಗೋ ಚಾಪೆ ಕೆಳಗೇ ಹೂತಿದ್ರು! ಅದರ ಮೇಲೇ ಕೂತು ಉಂಡಿದ್ರು, ಅದರ ಮೇಲೇ ಗೊರಕೆ ಹೊಡೆದಿದ್ರು. ಇನ್ನೊಂದು ಸಲ ಅಮ್ಮ ಅನ್ನಬಾರದು ಅಂತ ಬಾಯಿ ತುಂಬ ಮಣ್ಣು ತುರುಕಿದ್ರು."

ಷಹನಾಜ್ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಕರೆದುಕೊಂಡು ಹೋಗೋಣವೆಂದರೆ ಸೈರನ್ ಇನ್ನೂ ನಿಂತಿರಲಿಲ್ಲ. "ಸಾಕು ಅಂಕಲ್," ಎಂದಳು.

"ಸಾಕು ಅಂತ ಆ ಆಫೀಸರುಗಳು ಅನ್ಲಿಲ್ವಲ್ಲ ತಾಯಿ. ನಮ್ಮವನು ನಮ್ಮವನು ಅಂತ ಇಬ್ಬರೂ ಹೆಣದ ಮುಂದೆ ಕಿತ್ತಾಡಿದ್ರು. ತಗೊಂಡ್ಹೋಗಿ ಅಂದ್ರೆ ಇಬ್ಬರಿಗೂ ಬೇಡ. ನಾವೇ ಅಲ್ಲೇ ಮಧ್ಯದಲ್ಲಿ ಮಣ್ಣು ಮಾಡಿದ್ವಿ. ಆಮೇಲೊಂದು ಸಂಜೆ, ಅವತ್ತಿನ ಸೆರೆಯಾಳುಗಳೆಲ್ಲ ಹೋಗಾಗಿತ್ತು, ಡೇರೆ ಒಳಗೆ ಲಾಟೀನು ಉರೀತಿತ್ತು, ಆಫೀಸರುಗಳು ಮಾತ್ರ ಏಳ್ತಾನೇ ಇಲ್ಲ, ಮಾತಾಡ್ತಾನೇ ಇದಾರೆ. ಯಾರ ಹತ್ರ ಅಂತ ತಿರುಗಿ ನೋಡ್ತೀನಿ... ಕುರ್ಚಿ ಮೇಲೆ ಅವನು! ಬಾಯಿಂದ ಮಣ್ಣು ಸುರೀತಿದೆ, ಮಣ್ಣಿನ ಜೊತೆ ಹುಳ. ಅವರಿಗೆ ಕಾಣ್ಲಿಲ್ಲ ಅಂದ್ಕೊಂಡ್ರಾ? ಕಾಣ್ತು! ಉತ್ತರದವನು ಕರ್ಚೀಫಲ್ಲಿ ಮೂಗು ಮುಚ್ಕೊಂಡೇ 'ಮನೆಗೆ ಬಾ' ಅಂತಿದ್ದ. ದಕ್ಷಿಣದವನು ಮೇಜಿನ ಮೇಲೆ ಬಿದ್ದ ಮಣ್ಣು ಒರೆಸ್ಕೊಂಡೇ 'ಹೋಗ್ಬೇಡ' ಅಂತಿದ್ದ. ನನ್ನ ಕಾಲು ಕಂಬ ಆಗಿಹೋಯ್ತು. ದೆವ್ವ ಕಂಡು ಅಲ್ಲ ಕಣಮ್ಮ... ಅವರಿಬ್ಬರನ್ನ ಕಂಡು."

"ವಿಚ್ ಡೋರ್, ತಾತ?" ಹಾದಿಯಾಳ ದನಿ ಸಣ್ಣಗಾಗಿತ್ತು.

"ಯಾವುದೂ ಇಲ್ಲ. ಎದ್ದ. ಎರಡು ಬಾಗಿಲನ್ನೂ ನೋಡಿದ. ಮತ್ತೆ ಕೂತ್ಕೊಂಡ."

ಸೈರನ್ ನಿಂತಿತು. ವತ್ಸಲಾ ಟಾರ್ಚ್ ಹಿಡಿದು ಎದ್ದಳು. "ಅಪ್ಪಾ, ಎಲ್ಲ ಮುಗೀತಲ್ಲ, ಮೇಲೆ ಬನ್ನಿ."

"ಮುಗೀತಾ?" ರಾಚಯ್ಯ ಕುರ್ಚಿ ಬಿಟ್ಟು ಕದಲಲಿಲ್ಲ. "ಈಗಲೂ ಆ ಗಡಿ ಉದ್ದಕ್ಕೂ ಎರಡೂ ಕಡೆಯವರು ಲೌಡ್‌ಸ್ಪೀಕರ್ ಕಟ್ಕೊಂಡು ಬಾ ಬಾ ಅಂತ ಅರಚ್ತಾರೆ. ನಾವು ಡೇರೆ ಹಾಕಿದ್ದ ಕಡೆ ಹುಲ್ಲು ಬೆಳೆದು ಐವತ್ತು ವರ್ಷ ಆಗ್ತಾ ಬಂತು, ನರಪಿಳ್ಳೆ ಇಲ್ಲ. ಮತ್ತೆ... ಯಾರನ್ನ ಕರೀತಿದಾರೆ, ನೀವೇ ಹೇಳಿ?"