ಕೆಂಪು ಜೆರ್ಸಿ

...ಲೈಟ್ ಹಾಕಬೇಡ ಅಂದ್ನಲ್ಲ, ಪರದೆ ಮಂಕಾಗತ್ತೆ. ಕೂತ್ಕೊ ಅಲ್ಲಿ. ಕತ್ತಲಲ್ಲಿ ಕೂರೋದು ಅಭ್ಯಾಸ ಮಾಡ್ಕೊ. ಯಾಕೋ ಹಾಗೆ ನೋಡ್ತೀಯ? ತಪ್ಪೇನಂದೆ?

ನಿನ್ನೆ ಪಂದ್ಯದ ವಿಡಿಯೋ ಇನ್ನೊಂದು ಸಲ ನೋಡೋಣ. ಬೇಜಾರಾದ್ರೆ ಆಗ್ಲಿ. ಇಡೀ ಊರು ಚರ್ಚಲ್ಲಿದೆ, ಪಾದ್ರಿ ಕೂಡ ಇವತ್ತು ನಿನ್ನ ಬಗ್ಗೇನೇ ಪ್ರಸಂಗ ಮಾಡ್ತಿರ್ತಾನೆ. ಈ ಅಲಬಾಮಾದಲ್ಲಿ ಶನಿವಾರ ಫುಟ್‌ಬಾಲ್ ಪಂದ್ಯ ಸೋತವನಿಗೆ ಭಾನುವಾರ ದೇವರೂ ಮುಖ ಕೊಡಲ್ಲ.

ಇಲ್ಲಿ ನಿಲ್ಲಿಸ್ತೀನಿ, ನೋಡು. ಆ ತಂಡದ ಕ್ವಾರ್ಟರ್‌ಬ್ಯಾಕ್, ಚೆಂಡು ಎಸೆಯೋ ಟಾಲಿವರ್ ಕೈಯಲ್ಲಿ ಚೆಂಡಿದೆ. ಎಸೆಯೋಣ ಅಂದ್ರೆ ಅವನ ಕಡೆಯವರು ಒಬ್ಬರೂ ಬಿಡುವಾಗಿಲ್ಲ, ನಮ್ಮ ಹುಡುಗರು ಎಲ್ಲರನ್ನೂ ಕಟ್ಟಿಹಾಕಿದ್ದಾರೆ. ಬೇರೆ ಕ್ವಾರ್ಟರ್‌ಬ್ಯಾಕ್ ಆಗಿದ್ರೆ ಅಲ್ಲೇ ನಿಂತು ಒದೆ ತಿಂತಿದ್ದ. ಇವನು ಹಾಗಲ್ಲ, ಎಸೆಯೋಕೆ ಆಗದೇ ಇದ್ರೆ ತಾನೇ ಚೆಂಡು ಹಿಡ್ಕೊಂಡು ಓಡ್ತಾನೆ. ಓಡ್ತಾನೆ, ಓಡ್ತಾನೆ ಅಂತ ವಾರವೆಲ್ಲ ಬಾಯಿ ಬಡ್ಕೊಂಡೆನೋ ಇಲ್ವೋ? ಟ್ರೆಮೇನ್, ಉಳಿದ ಹತ್ತು ಜನ ಏನಾದ್ರೂ ಮಾಡ್ಕೊಳ್ಳಿ, ನಿನಗೆ ಈ ಟಾಲಿವರ್ ಒಬ್ಬ ಸಾಕು, ಅವನು ಎಡಕ್ಕೆ ಹೋದ್ರೆ ನೀನೂ ಎಡಕ್ಕೆ, ಅವನು ಕೆಮ್ಮಿದ್ರೆ ನೀನೂ ಕೆಮ್ಮು ಅಂತ... ಹೇಳಿದ್ನೋ ಇಲ್ವೋ? ತಲೆ ಅಲ್ಲಾಡಿಸ್ಬೇಡ, ಬಾಯ್ಬಿಟ್ಟು ಹೇಳು.

ಸರಿ. ವಿಡಿಯೋ ಮುಂದಕ್ಕೆ ಬಿಡ್ತೀನಿ.

ಇದು ನೋಡು. ಬಂದೆ. ಎಷ್ಟು ಚೆನ್ನಾಗಿ ಬಂದಿದ್ದೀಯ, ಹಾಳಾದೋನೆ, ನಾನು ಇಷ್ಟು ವರ್ಷ ಡಿಫೆನ್ಸ್ ಕಲಿಸಿದ್ದೀನಿ, ಇಷ್ಟು ಚೆಂದಾಗಿ ಯಾರೂ ದಾರಿ ಕಟ್ಟಿದ್ದು ನೋಡಿಲ್ಲ. ಕೈ ಚಾಚಿದ್ರೆ ಸಿಗ್ತಾನೆ. ಕೊನೇ ಗಳಿಗೆ, ನಾವು ಮುಂದಿದ್ದೀವಿ, ಅವನನ್ನ ಕೆಡವಿದ್ರೆ ಪಂದ್ಯ ನಮ್ದು. ಆಮೇಲೆ ಏನು ಮಾಡ್ದೆ? ಇದೇನಿದು? ಅಂಗೈಯನ್ನ ಅವನ ಬೆನ್ನಿಗೆ ತಾಗಿಸಿ ನಿಂತ್ಬಿಟ್ಟೆ. ಬಸ್ಸಲ್ಲಿ ಸ್ವಲ್ಪ ಜಾಗ ಬಿಡಿ ಅಂತ ಮುಟ್ತಾರಲ್ಲ, ಹಾಗೆ. ಅವನಿಗೇ ತಬ್ಬಿಬ್ಬಾಯ್ತು, ತಿರುಗಿ ನೋಡ್ತಿದ್ದಾನೆ ನೋಡು. ಆಮೇಲೆ ಓಡಿದ. ನಮ್ಮ ಕಡೇ ಗೆರೆ ದಾಟಿ ಪಂದ್ಯ ಗೆಲ್ಲೋವರೆಗೂ ಒಬ್ಬರ ಕೈಗೂ ಸಿಗ್ಲಿಲ್ಲ. ನೀನು ಮಾತ್ರ ಗೂಟ ಹೊಡ್ದ ಹಾಗೆ ಅಲ್ಲೇ ನಿಂತಿದ್ದೀಯ.

ಏನು, ನಗು ಬರ್ತಿದ್ಯಾ? ಮತ್ತೆ ಆ ಬಾಯಿ ಯಾಕೆ ಸೊಟ್ಟ ಮಾಡ್ದೆ?

ಕೇಳಿಲ್ಲಿ. ಮಧ್ಯಾಹ್ನ ಲಾಂಗ್‌ಮೈರ್ ಕರೆದಿದ್ದಾರೆ. ಆ ಹುಡುಗ ಯಾಕೆ ನಿಂತ ಅಂತ ಕೇಳ್ತಾರೆ. ಹೆಡ್ ಕೋಚು ಕೇಳಿದ್ಮೇಲೆ ಏನಾದ್ರೂ ಹೇಳ್ಬೇಕು ತಾನೇ? ಹೆದರಿಬಿಟ್ಟ ಅಂತೀನಿ. ದೊಡ್ಡ ಪಂದ್ಯ ಅಂದ್ರೆ ಇವನಿಗೆ ಕೈಕಾಲು ನಡುಗತ್ತೆ ಅಂತೀನಿ. ಮುಂದಿನ ಶನಿವಾರ ನೀನು ಆಡಲ್ಲ, ಬೆಂಚು. ಆಟಗಾರರನ್ನ ಆರಿಸೋ ದೊಡ್ಡ ಲೀಗಿನವರು ನಿನ್ನ ನೋಡೋಕೆ ಬರ್ತಾರೆ ಅಂತ ನಿಮ್ಮಜ್ಜಿ ಸೆಲ್ಮಾದಿಂದ ಬರ್ತಿದ್ದಾರಂತಲ್ಲ. ಬರ್ಲಿ. ಮೊಮ್ಮಗ ಬೆಂಚಿನ ಮೇಲೆ ಟವೆಲ್ ಹೊದ್ಕೊಂಡು ಕೂತಿರೋದನ್ನ ನೋಡ್ಕೊಂಡು ಹೋಗ್ಲಿ.

ಈಗ್ಲೂ ಸಿಟ್ಟು ಬರ್ಲಿಲ್ವಾ ನಿನಗೆ? ಎಂಥಾ ಮನುಷ್ಯನೋ ನೀನು. ಏನು ನೋಡ್ತಿದ್ದೀಯ? ನನ್ನ ಕೊರಳಲ್ಲೇನಿದೆ? ಸೀಟಿ. ಹೂಂ, ಭಾನುವಾರಾನೂ ಹಾಕ್ಕೊಂಡಿರ್ತೀನಿ, ಮನೇಲಿ ಹೆಂಡ್ತಿ ಆಡ್ಕೋತಾಳೆ. ಅದರಲ್ಲಿ ನೋಡೋದೇನಿದೆ?

ಓಹೋ. ಅಲ್ಲಿಗೆ ಬಂದ್ಯಾ. ನಿನ್ನೆ ಅವನನ್ನ ಮುಟ್ಟಿ, ಸೀಟಿ ಊದ್ತಾರೆ ಅಂತ ಕಾಯ್ತಾ ನಿಂತೆ ನೀನು, ಅಲ್ವಾ? ಹೌದಪ್ಪಾ, ವಾರವೆಲ್ಲ ಅಭ್ಯಾಸದಲ್ಲಿ ನನ್ನ ಮಗ ಕೋಲ್ಬಿನೇ ಟಾಲಿವರ್ ಆಗಿ ಓಡಿದ. ಕೆಂಪು ಜೆರ್ಸಿ ಹಾಕಿದ್ದ. ಕೆಂಪು ಹಾಕಿದವನನ್ನ ಕೆಡವಬಾರದು, ಅಂಗೈ ತಾಗಿಸಿದ್ರೆ ಸಾಕು, ನಾನು ಸೀಟಿ ಊದ್ತೀನಿ, ಎಲ್ಲರೂ ನಿಲ್ತಾರೆ. ಎಲ್ಲಾ ಕಾಲೇಜಲ್ಲೂ ಇರೋದೇ ಅದು. ಅಭ್ಯಾಸ ಬೇರೆ, ಪಂದ್ಯ ಬೇರೆ ಅಂತ ತಿಳಿಯೋಕೆ ನೀನೇನು ಎಳೇ ಕೂಸಾ? ಸ್ವಂತ ಮಗ ಅಂತ ಕೆಂಪು ಹಾಕಿಸಿದ್ರು ಅಂತ ಗುಸುಗುಸು ಅಂತಿದ್ದೀರಿ ಎಲ್ಲರೂ, ನನಗೆ ಕಿವಿ ಇಲ್ಲ ಅಂದ್ಕೊಂಡ್ರಾ?

ಮಂಗಳವಾರ ನೀನು ಅವನನ್ನ ಕೆಡವಿದೆ. ನೆಲಕ್ಕೆ ಅಪ್ಪಳಿಸೋ ಹಾಗೆ ಕೆಡವಿದೆ. ನಾನು ಸ್ಟೇಡಿಯಂ ಮೆಟ್ಟಿಲು ಹತ್ತಿಸ್ದೆ, ವಾಂತಿ ಮಾಡ್ಕೊಳ್ಳೋವರೆಗೂ ಹತ್ತಿಸ್ದೆ, ಏನೀಗ? ಕೆಂಪು ಜೆರ್ಸಿ ಮೇಲೆ ಬಿದ್ದಿದ್ದೆ ನೀನು. ಲಾಂಗ್‌ಮೈರ್ ಏನೇ ಹೇಳಿರ್ಲಿ, ನನ್ನ ಮೈದಾನದಲ್ಲಿ...

ಯಾಕೆ ತಲೆ ಎತ್ತಿದೆ?

ಸೋಮವಾರ ನೀನು ಅಲ್ಲೇ ಇದ್ಯಾ? ನೀರಿನ ಡ್ರಮ್ಮಿನ ಹತ್ತಿರ? ಕೇಳಿಸ್ಕೊಂಡ್ಯಾ?

"ಈ ವಾರ ಕೆಂಪು ಬೇಡ ರಾಯ್ಸ್, ಹುಡುಗರು ನಿಜವಾಗ್ಲೂ ಕೆಡವಿ ಕಲೀಲಿ" ಅಂದ್ರು ಲಾಂಗ್‌ಮೈರ್ ನನಗೆ. ಅಂದ್ರು. ಅಂದು ಆಚೆ ಮೈದಾನಕ್ಕೆ, ಚೆಂಡು ಎಸೆಯೋರ ಹತ್ತಿರ ಹೊರಟುಹೋದ್ರು. ನೀನು ಅದನ್ನ ಕೇಳಿಸ್ಕೊಂಡೇ ಮಂಗಳವಾರ ಕೆಡವಿದ್ದು. ಮತ್ತೆ ಮೆಟ್ಟಿಲು ಹತ್ತು ಅಂದಾಗ ಯಾಕೋ ಸುಮ್ನೆ ಹತ್ತಿದೆ? ನೇರ ಹೋಗಿ ಅವರಿಗೆ ಹೇಳ್ಬಹುದಿತ್ತಲ್ಲ. ನಿನ್ನೆ ಟೀವಿಯವರು ಮೈಕ್ ಹಿಡಿದ್ರು, ಆಗಲಾದ್ರೂ ಹೇಳ್ಬಹುದಿತ್ತು. "ತಪ್ಪು ನಂದೇ" ಅಂದೆಯಂತೆ. ಯಾರು ಕೇಳಿದ್ರು ನಿನ್ನ ಉಪಕಾರ? ನಾನು ನಿನ್ನ ಬೆಂಚಿಗೆ ಹಾಕ್ತೀನಿ ಅಂತಿದ್ದೀನಿ, ಒಂದು ಮಾತಲ್ಲಿ ನನ್ನ ಕೆಲಸ ತೆಗೆಸ್ಬಹುದು ನೀನು, ತೆಗೆಸೋ, ತೆಗೆಸ್ಬಾರ್ದಾ? ನನ್ನ ಮೇಲೆ ಕನಿಕರಾನಾ ನಿನಗೆ?

ಇಲ್ಲ. ನನ್ನ ಕಂಡ್ರೆ ಆಗಲ್ಲ ನಿನಗೆ, ಮುಖದಲ್ಲೇ ಬರೆದಿದೆ.

...ಅವನು ನಿನ್ನ ರೂಮಿನವನು. ಕೋಲ್ಬಿ.

ಏನು ಹೇಳಿದ್ದಾನೆ ಅವನು? ಯಾರಿಗೂ ಹೇಳ್ಬೇಡ ಅಂತ ನಿನ್ನ ಹತ್ರಾನೂ ಬೇಡ್ಕೊಂಡ್ನಾ? ನೋಡು, ಆಗಸ್ಟಲ್ಲಿ ಅವನ ತಲೆಗೆ ಬಿದ್ದ ಪೆಟ್ಟು ಅಂಥಾ ದೊಡ್ಡದೇನಲ್ಲ. ತಂಡದ ಡಾಕ್ಟರ ಕಿವಿಗೆ ಬಿದ್ದಿದ್ರೆ ಅವತ್ತೇ ಜೆರ್ಸಿ ಬಿಚ್ಚಿಸಿ ಮನೆಗೆ ಕಳಿಸ್ತಿದ್ರು. ಆಟ ಬಿಟ್ರೆ ಅವನಿಗೆ ಬೇರೇನಿದೆ? ಅಪ್ಪಾ ಹೇಳ್ಬೇಡಪ್ಪಾ ಅಂತ ಅತ್ತ ಕಣೋ. ಇಷ್ಟು ಉದ್ದ ಬೆಳೆದಿರೋ ಹುಡುಗ, ಅತ್ತ. ನಾನೇನು ಮಾಡ್ಲಿ? ಅಭ್ಯಾಸಕ್ಕೆ ಬರಬೇಡ ಅಂದ್ರೆ ಯಾಕೆ ಅಂತ ಕೇಳೋರು. ಕೆಂಪು ಹಾಕಿದ್ರೆ ಯಾರೂ ಮೈಮೇಲೆ ಬೀಳಲ್ಲ, ಅಷ್ಟು ಸಾಕು ಅಂದ್ಕೊಂಡೆ. ನೀನು ಬಿದ್ದೆ. ಆ ಸಿಟ್ಟಿಗೇ ನಿನ್ನ ಮೆಟ್ಟಿಲು ಹತ್ತಿಸಿದ್ದು. ಈಗ ಗೊತ್ತಾಯ್ತಲ್ಲ, ಸಮಾಧಾನವಾ?

ಮನೆಗೆ ಊಟಕ್ಕೆ ಬಂದಾಗ ಚೆನ್ನಾಗೇ ಇರ್ತಾನೆ. ಅವರಮ್ಮ ಕರಿದ ಕೋಳಿ ಮಾಡಿದ್ರೆ ಮೂಳೆ ಕೂಡ ಬಿಡಲ್ಲ, ತಂಗೀನ ರೇಗಿಸ್ತಾನೆ, ನಗ್ತಾನೆ. ಪೆಟ್ಟು ಬಿದ್ದ ಹೊಸದರಲ್ಲಿ ಬೆಳಕು ಕಂಡ್ರೆ ಆಗ್ತಿರ್ಲಿಲ್ಲ, ಕಿಟಕಿ ಪರದೆ ಎಳ್ಕೊಂಡು ಮುಖ ಮುಚ್ಚಿ ಮಲಗೋನು. ಆಮೇಲೆ ಎಲ್ಲಾ ಸರಿಹೋಯ್ತು ಅಂದ. ಸರಿಹೋಯ್ತಪ್ಪಾ ಅಂತ ಅವನೇ ಬಾಯ್ಬಿಟ್ಟು ಹೇಳಿದ್ದಾನೆ ನನಗೆ.

ಯಾಕೆ ಆ ಕಡೆ ತಿರುಗಿಕೊಂಡೆ? ಮಂಗಳವಾರ ನೀನು ಕೆಡವಿದ್ಮೇಲೆ ಅವನಿಗೆ ಮತ್ತೆ... ಟ್ರೆಮೇನ್, ನನ್ನ ನೋಡಿ ಮಾತಾಡು. ನೀನು ಬಂದ ತಕ್ಷಣ ಕತ್ತಲಲ್ಲಿ ಕೂರೋದು ಅಭ್ಯಾಸ ಮಾಡ್ಕೊ ಅಂದೆ, ಆಗ ಒಂಥರಾ ನೋಡಿದ್ಯಲ್ಲ ನನ್ನ. ಅದೇನು ನೋಟ ಅದು?

ರೂಮಲ್ಲಿ ರಾತ್ರಿ ಲೈಟ್ ಹಾಕ್ತೀರ ತಾನೇ ನೀವು? ನಿನ್ನೆ ಹಾಕಿದ್ರಾ? ಹೋಗ್ಲಿ, ಮೊನ್ನೆ?

ಹಾಕ್ತೀವಿ ಕೋಚ್ ಅನ್ನು. ಬೆಂಚೂ ಇಲ್ಲ, ಏನೂ ಇಲ್ಲ, ಲಾಂಗ್‌ಮೈರ್ ಹತ್ರ ನಾನೇ ಹೋಗಿ ಎಲ್ಲಾ ಹೇಳ್ತೀನಿ. ಹಾಕ್ತೀವಿ ಅಂತ ಒಂದು ಸಲ ಅನ್ನೋ, ನಿನಗೆ ಕೈ ಮುಗೀತೀನಿ.