ಬೆಂಚಿನ ದಿಂಬು

ರಕ್ತದ ತಜ್ಞರ ಕೋಣೆಯ ಹೊರಗೆ, ಕಬ್ಬಿಣದ ಬೆಂಚಿನ ಮೇಲೆ ಲಾರಿ ಡ್ರೈವರ್ ತನ್ನ ಸರದಿ ಕಾಯುತ್ತಿದ್ದ. ಟೈಲರಮ್ಮ ಹೊರಬಂದಳು. ಅವನ ಪಕ್ಕದಲ್ಲಿ ಕೂತಿದ್ದ ಅವಳ ನಾದಿನಿ ದಡಕ್ಕನೆ ಎದ್ದಳು.

“ಏನಂದ್ರು ಅತ್ತಿಗೆ?”

“ಇನ್ಮೇಲೆ ಇಲ್ಲಿಗೆ ಬರಬೇಡಿ ಅಂದ್ರು.”

“ಅಯ್ಯೋ, ಕೈಬಿಟ್ರಾ?”

“ಬಿಡ್ತು ಅನ್ನು! ರಕ್ತದಲ್ಲಿರೋ ಆ ಪ್ರೋಟೀನು ನಿಮ್ಮಣ್ಣನ ಥರ, ಆರು ವರ್ಷದಿಂದ ಕೂತಲ್ಲೇ ಕೂತಿದೆಯಂತೆ. ಅದು ಏರಿದ್ರೆ ಕ್ಯಾನ್ಸರ್ ಆಗಬಹುದು ಅಂದಿದ್ರಲ್ಲ, ಆಗಿಲ್ಲ. ವರ್ಷಕ್ಕೊಂದ್ಸಲ ನಮ್ಮ ಬೀದಿ ಡಾಕ್ಟ್ರು ಟೆಸ್ಟ್ ಮಾಡಿಸಿದ್ರೆ ಸಾಕಂತೆ.”

“ನೆಗಡಿ ಡಾಕ್ಟ್ರಾ? ಅವರಿಗೇನು ತಿಳಿಯುತ್ತೆ?”

“ಏನು ನೋಡ್ಬೇಕು, ಎಷ್ಟು ಏರಿದ್ರೆ ಇಲ್ಲಿಗೆ ಕಳಿಸ್ಬೇಕು, ಎಲ್ಲಾ ಬರೆದುಕೊಟ್ಟಿದ್ದಾರೆ.”

ಈ ಬೆಂಚಿಗೆಂದೇ ಹೊಲಿದು ತರುತ್ತಿದ್ದ ದಿಂಬನ್ನು ಟೈಲರಮ್ಮ ಡ್ರೈವರ್ ಕೈಗಿಟ್ಟಳು.

“ಇಟ್ಕೊಳ್ಳಿ ಅಣ್ಣ. ನಿಮಗೂ ಬೇಗ ಬೇಡವಾಗ್ಲಿ!”

ಅತ್ತಿಗೆ-ನಾದಿನಿ ಇಬ್ಬರೂ ನಗುತ್ತಾ ಮೆಟ್ಟಿಲಿಳಿದರು.