ಫೈಲಿನ ಮೊದಲ ಸಾಲು

ಊರಿನ ನಲ್ಲಿಯಲ್ಲಿ ಮೂರು ದಿನದಿಂದ ನೀರಿರಲಿಲ್ಲ. ಒಗೆಯದ ಬಟ್ಟೆಗಂಟು ಹೊತ್ತು ಅಂಬಮ್ಮ ಬೀರೂರಿನ ಮಗಳ ಮನೆಗೆ ಹೊರಟಿದ್ದಳು. ಬಸ್ಸಿನಲ್ಲಿ ಅವಳ ಮುಂದಿನ ಸೀಟಿನಲ್ಲಿ ನೀರುಗಂಟಿ ಸಣ್ಣಬೀರಪ್ಪ, ಪಕ್ಕದಲ್ಲಿ ಪಂಪಿಗೆ ಪ್ರೋಗ್ರಾಂ ಬರೆದುಕೊಟ್ಟ ತಿಮ್ಮೇಶ.

“ಮೋಟಾರ್ ಯಾವಾಗ ಹಾಕ್ಬೇಕು ಅಂತ ನನ್ನ ಪ್ರೋಗ್ರಾಂ ಕಂಪ್ಯೂಟರಲ್ಲಿ ಟೈಮ್ ಬರೆದಿಟ್ಟಿರೋ ಫೈಲ್ ಓದಿ ತಿಳ್ಕೊಳುತ್ತೆ. ಅದರಲ್ಲಿ ಏನ್ ಬದಲಾಯಿಸಿದ್ರಿ ಸಣ್ಣಬೀರಣ್ಣ?”

“ಟೈಮ್ ಒಂದೇ ಕಣಪ್ಪಾ.”

“ಮೇಲ್ಗಡೆ?”

“‘ಶ್ರೀ’ ಬರ್ದೆ. ಅದಿಲ್ದೆ ಯಾವ ಬರವಣಿಗೆ ಶುರು ಮಾಡಾದು?”

“ಗೊತ್ತಿಲ್ದಿರೋ ಸಾಲು ಸಿಕ್ರೆ ಪ್ರೋಗ್ರಾಂ ಅಲ್ಲೇ ನಿಂತ್ಬಿಡುತ್ತೆ. ಅಳಿಸ್ಬಿಡಿ.”

“ದೇವರ ಹೆಸರು, ನನ್ನ ಕೈಲಾಗಲ್ಲ.”

ತಿಮ್ಮೇಶ ಕಣ್ಣುಜ್ಜಿಕೊಂಡ. “ಸರಿ. ಮೊದಲನೇ ಸಾಲು ಬಿಟ್ಟು ಓದೋ ಹಂಗೆ ಪ್ರೋಗ್ರಾಮನ್ನೇ ತಿದ್ದುತೀನಿ.”

ಅಜ್ಜಂಪುರದಲ್ಲಿ ಬಸ್ಸು ನಿಂತಿತು. ಇಳಿಯುತ್ತಾ ಸಣ್ಣಬೀರಪ್ಪ ಕೇಳಿದ:

“ಕೊನೇಲಿ ‘ಶುಭಂ’ ಅಂತಾನೂ ಬರ್ದಿದೀನಲ್ಲ, ಅದಕ್ಕೇನ್ ಮಾಡ್ತೀಯಪ್ಪಾ?”